ಚಾವಟಿ ಜೇಡ: ಹೆಸರು ಮುಳ್ಳಿನಲ್ಲಿದೆ

ವಾರಾಂತ್ಯ ಮುಗಿಯುತ್ತಿದ್ದಂತೆ ಬೆಂಗಳೂರಿನ ಚಾರಣಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಮ್ಮೊಮ್ಮೆ ಇಂಥದೊಂದು ಫೋಟೊ ಬಂದು ಬೀಳುತ್ತದೆ: ಬಂಡೆಯ ಸಂದಿ, ಟಾರ್ಚಿನ ಬೆಳಕು, ನಡುವೆ ಅಕ್ಕಿರೊಟ್ಟಿ ತಟ್ಟಿದ ಹಾಗೆ ಚಪ್ಪಟೆಯಾದ ಒಂದು ಕಪ್ಪು ಪ್ರಾಣಿ, ಸುತ್ತಲೂ ಕಾಲೋ ಕಾಲು. ಒಬ್ಬರಿಗೆ ಅದು ಚೇಳು, ಇನ್ನೊಬ್ಬರಿಗೆ ವಿಷದ ಜೇಡ. ಮತ್ತೊಬ್ಬರು, ಫೋಟೊ ನೋಡಿ ಪ್ರಾಣಿಯ ಹೆಸರು ಹೇಳುವ ಆ್ಯಪ್ ಸೂಚಿಸಿದ ಲ್ಯಾಟಿನ್ ಹೆಸರನ್ನು ಹಾಗೇ ಅಂಟಿಸಿರುತ್ತಾರೆ. ಮೊದಲೆರಡು ತಪ್ಪು ಎಂದು ಫೋಟೊ ನೋಡಿಯೇ ಹೇಳಬಹುದು. ಮೂರನೆಯದು ಸರಿಯೋ ತಪ್ಪೋ ಹೇಳಲು ಸಾಮಾನ್ಯವಾಗಿ ಆ ಫೋಟೊ ಸಾಲದು.

ಇದು ಚಾವಟಿ ಜೇಡ. ಜೇಡ, ಚೇಳುಗಳ ವರ್ಗಕ್ಕೇ ಸೇರಿದ್ದರೂ ಎರಡೂ ಅಲ್ಲ. ಇದರದು ಆಂಬ್ಲಿಪೈಜಿ ಎಂಬ ಬೇರೆಯೇ ಗಣ. ಬಲೆ ನೇಯುವ ರೇಷ್ಮೆಯಿಲ್ಲ, ವಿಷಗ್ರಂಥಿಯಿಲ್ಲ, ಬಾಲವೂ ಇಲ್ಲ. ಎಂಟು ಕಾಲಿದ್ದರೂ ನಡೆಯುವುದು ಆರರಲ್ಲಿ. ಮೊದಲ ಜೋಡಿ ಮೈಗಿಂತ ಹಲವು ಪಟ್ಟು ಉದ್ದದ ಎಳೆಗಳಾಗಿದ್ದು, ಕತ್ತಲಲ್ಲಿ ಮುಟ್ಟಿ, ಮೂಸಿ ನೋಡಲು ಮೀಸಲು. ಬಾಯಿಯ ಅಕ್ಕಪಕ್ಕ ಮಡಚಿಟ್ಟುಕೊಂಡ ಮುಳ್ಳಿನ ಕೈಗಳು ಪೆಡಿಪಾಲ್ಪ್‌ಗಳು. ಬೇಟೆ ಸಿಕ್ಕಿಬೀಳುವುದು ಅವುಗಳಲ್ಲಿ. ಪಳೆಯುಳಿಕೆಗಳ ಪ್ರಕಾರ ಈ ಮೈಕಟ್ಟು 30 ಕೋಟಿ ವರ್ಷಗಳಿಗೂ ಹಳೆಯದು.

ಗಣ ಗುರುತಿಸುವುದು ಇಷ್ಟು ಸುಲಭ. ಕುಟುಂಬ ತಿಳಿಯಬೇಕಾದರೆ ಕಾಲ್ತುದಿ ನೋಡಬೇಕು. ಈಗ ಒಪ್ಪಿರುವ ಐದು ಕುಟುಂಬಗಳಲ್ಲಿ ದಕ್ಷಿಣ ಭಾರತದವರಿಗೆ ಮುಖ್ಯವಾದವು ಎರಡು. ಚರೈನಿಡೆಯವು ಪುಟ್ಟವು, ಕಾಲ್ತುದಿಯ ಉಗುರುಗಳ ನಡುವೆ ಅಂಟುವ ಮೆತ್ತೆ ಇರುತ್ತದೆ. ಫ್ರೈನಿಕಿಡೆಯವು ದೊಡ್ಡವು, ಆ ಮೆತ್ತೆ ಇಲ್ಲ. ಚಾರಣಿಗರ ಕಣ್ಣಿಗೆ ಬೀಳುವಷ್ಟು ದೊಡ್ಡದಾಗಿದ್ದು, ಪೆಡಿಪಾಲ್ಪ್ ಉದ್ದಕ್ಕೆ ಚಾಚಿ ಅದರ ದೊಡ್ಡ ಮುಳ್ಳುಗಳೆಲ್ಲ ತುದಿಯ ಕಡೆ ಗುಂಪಾಗಿದ್ದರೆ, ಅದು ಫ್ರೈನಿಕಸ್ ಕುಲದ್ದೆಂದು ಊಹಿಸಬಹುದು.

ತೊಡಕು ಶುರುವಾಗುವುದು ಇಲ್ಲಿಂದ ಮುಂದೆ. ಪ್ರಭೇದ ಬೇರ್ಪಡಿಸುವವರು ಬಣ್ಣವನ್ನು ಅಷ್ಟಾಗಿ ನಂಬುವುದಿಲ್ಲ. ಪೊರೆ ಕಳಚಿದ ಹೊಸತರಲ್ಲಿ ಪ್ರಾಣಿ ಬಿಳಿಚಿಕೊಂಡಿರುತ್ತದೆ, ಆಮೇಲೆ ಕಪ್ಪಾಗುತ್ತದೆ. ಸ್ಪಿರಿಟ್‌ನಲ್ಲಿಟ್ಟರೆ ಇದ್ದ ಬಣ್ಣವೂ ಹೋಗುತ್ತದೆ. ಹಾಗಾಗಿ ಸೂಕ್ಷ್ಮದರ್ಶಕದ ಕೆಳಗೆ ಪೆಡಿಪಾಲ್ಪ್‌ನ ಒಂದೊಂದು ಗೆಣ್ಣಿನ ಮುಳ್ಳನ್ನೂ ಎಣಿಸುತ್ತಾರೆ. ಯಾವುದು ಅತಿ ಉದ್ದ, ಎರಡು ದೊಡ್ಡ ಮುಳ್ಳುಗಳ ನಡುವೆ ಚಿಕ್ಕದೊಂದಿದೆಯೇ? ಹಿಂಗಾಲಿನ ಮೇಲೆ ಗಾಳಿಯ ಅಲುಗಾಟ ಹಿಡಿಯುವ ನವುರಾದ ಕೂದಲುಗಳಿವೆ. ಅವು ಎಷ್ಟು, ಎಲ್ಲೆಲ್ಲಿ ನಾಟಿವೆ? ಹೆಣ್ಣಾದರೆ ಹೊಟ್ಟೆಯಡಿಯ ಮುಚ್ಚಳ ಎತ್ತಿ ಜನನಾಂಗದ ಆಕಾರವನ್ನೂ ನೋಡಬೇಕು. ಚರೈನಿಡೆಯಲ್ಲಂತೂ ಕೊನೆಯ ತೀರ್ಪು ಎಷ್ಟೋ ಸಲ ಅಲ್ಲೇ.

ಇದೂ ಸಾಲದೆಂಬಂತೆ, ಚಾವಟಿ ಜೇಡಗಳು ಪ್ರೌಢವಾದ ಮೇಲೂ ಪೊರೆ ಕಳಚುತ್ತ ಬೆಳೆಯುತ್ತವೆ. ಮರಿಯ ಪೆಡಿಪಾಲ್ಪ್ ಮೈಗೆ ಹೋಲಿಸಿದರೆ ಗಿಡ್ಡ. ಬೆಳೆದಂತೆ, ಕೆಲವು ಪ್ರಭೇದಗಳ ಗಂಡಿನಲ್ಲಂತೂ ವಿಪರೀತ, ಉದ್ದವಾಗುತ್ತದೆ. ಒಂದೇ ಪ್ರಭೇದದ ಮರಿ ಮತ್ತು ಮುದಿ ಗಂಡನ್ನು ಅಕ್ಕಪಕ್ಕ ಇಟ್ಟರೆ ಬೇರೆ ಬೇರೆ ಎಂದೇ ತೋರುತ್ತವೆ. ಎಳೆಯಂಥ ಮೊದಲ ಜೋಡಿಯ, ಅಂದರೆ ಚಾವಟಿ ಕಾಲಿನ, ಗೆಣ್ಣುಗಳನ್ನೂ ಗುರುತಿಗಾಗಿ ಎಣಿಸುವುದುಂಟು. ಆ ಕಾಲು ಮುರಿದರೆ ಮತ್ತೆ ಬೆಳೆಯುತ್ತದೆ, ಆದರೆ ಹೊಸ ಕಾಲಿನ ಗೆಣ್ಣುಗಳ ಲೆಕ್ಕ ಹಳೆಯದಕ್ಕೆ ತಾಳೆಯಾಗಲೇಬೇಕೆಂದಿಲ್ಲ. ಒಂದೇ ಕಾಲು ನೋಡಿ ಬರೆದುಕೊಂಡ ಲೆಕ್ಕವನ್ನು ನಾನಂತೂ ಒಪ್ಪುವುದಿಲ್ಲ.

ಹಳೆಯ ವರ್ಣನೆಗಳನ್ನು ಮತ್ತೆ ಮತ್ತೆ ತಿದ್ದಬೇಕಾಗಿ ಬಂದದ್ದು ಇದಕ್ಕೇ. ನಮ್ಮ ಫ್ರೈನಿಕಸ್ ನೈಗ್ರಿಮಾನಸ್‌ಗೆ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಕೋಖ್ ಹೆಸರಿಟ್ಟದ್ದು 1847ರಲ್ಲಿ. 1894ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೊಕಾಕ್ ಫ್ರೈನಿಕಸ್ ಫಿಪ್ಸೋನಿಯನ್ನು ವರ್ಣಿಸಿದರು. ಆ ಫಿಪ್ಸನ್ ಬಾಂಬೆಯ ವೈನ್ ವ್ಯಾಪಾರಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಆರಂಭದ ದಿನಗಳಲ್ಲಿ ತಮ್ಮ ಅಂಗಡಿಯಲ್ಲೇ ಇಟ್ಟು ಸಾಕಿದವರು. ಮುಳ್ಳುಕೈಯ ಪ್ರಾಣಿಯೊಂದರಲ್ಲಿ ಹೆಸರು ಉಳಿದದ್ದು ಕೆಟ್ಟ ಪ್ರತಿಫಲವೇನಲ್ಲ. ಕುಲವನ್ನಿಡೀ ಮತ್ತೆ ಪರಿಶೀಲಿಸಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ವೇಗೋಲ್ಟ್ ಹೊಸ ಚೌಕಟ್ಟು ಕೊಟ್ಟದ್ದು 1998ರಲ್ಲಿ. ಅದಾದ ಮೇಲೂ 2005ರಲ್ಲಿ ನೆರೆಯ ಆಂಧ್ರದಿಂದ ಫ್ರೈನಿಕಸ್ ಆಂಧ್ರಎನ್ಸಿಸ್ ಎಂಬ ಹೊಸ ಪ್ರಭೇದ ಬಂತು. ಚರೈನಿಡೆಯನ್ನು 2021ರಲ್ಲಿ ಪರಿಷ್ಕರಿಸಿದಾಗ ಒಂದೇ ಪ್ರಬಂಧದಲ್ಲಿ 33 ಹೊಸ ಪ್ರಭೇದಗಳು ಸೇರಿದವು.

ಹೀಗಿರುವಾಗ ಆ್ಯಪ್ ಏನು ಮಾಡೀತು? ಅದು ಕಲಿತಿರುವುದು ಜನ ಹಾಕಿದ ಫೋಟೊಗಳಿಂದ. ಅವುಗಳಿಗೆ ಹೆಸರು ಕೊಟ್ಟವರಲ್ಲಿ ಮುಳ್ಳು ಎಣಿಸಿದವರು ಎಷ್ಟು ಮಂದಿಯೋ. ಜಿಲ್ಲೆಯ ಹೆಸರೊಂದನ್ನೇ ನೋಡಿ ಪ್ರಭೇದ ನಿರ್ಧರಿಸುವ ಅಭ್ಯಾಸವೂ ಅಷ್ಟೇ ಅಪಾಯದ್ದು, ಏಕೆಂದರೆ ಎಲ್ಲಿ ಯಾವುದಿದೆ ಎಂಬ ನಕ್ಷೆ ತಯಾರಾಗುವುದೇ ಇಂಥ ಗುರುತುಗಳಿಂದ. ‘ಫ್ರೈನಿಕಸ್, ಪ್ರಭೇದ ಖಚಿತವಿಲ್ಲ’ ಎಂದು ಬರೆದವರನ್ನೇ ನಾನು ಹೆಚ್ಚು ನಂಬುತ್ತೇನೆ.

ಮುಂದಿನ ಸಲ ಸಾವನದುರ್ಗದಲ್ಲೋ ಮತ್ತೆಲ್ಲೋ ಒಂದು ಎದುರಾದರೆ ಹಿಡಿಯಲು ಹೋಗಬೇಡಿ, ಕಾಲು ಕಳಚಿ ಓಡುತ್ತದೆ. ಇಡೀ ಪ್ರಾಣಿಯ ಚಿತ್ರ ಒಂದಿದ್ದರೆ ಸಾಕು. ಉಳಿದ ಚಿತ್ರಗಳು ಎರಡೂ ಪೆಡಿಪಾಲ್ಪ್‌ಗಳ ಮೇಲ್ಭಾಗದ್ದಾಗಿರಲಿ, ಮುಳ್ಳುಗಳು ಬಿಡಿಬಿಡಿಯಾಗಿ ಕಾಣುವಷ್ಟು ಹತ್ತಿರದಿಂದ ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಎರಡೂ ಚಾವಟಿ ಕಾಲುಗಳು ಫ್ರೇಮಿನೊಳಗಿರಲಿ. ಒಂದು ಗಿಡ್ಡವಾಗಿದ್ದರೆ ಅದು ಮುರಿದು ಬೆಳೆದದ್ದಿರಬಹುದು, ಎಣಿಸುವವರಿಗೆ ಆ ವಿಷಯ ತಿಳಿದಿರಬೇಕು.