ಕಂಬಿ ಕಟ್ಟುವವರ ಜೊತೆಗೊಂದು ರೋಬೋಟ್

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಆರ್‌ಸಿಸಿ ಹಾಕುವ ಮುನ್ನ ಕಂಬಿ ಕಟ್ಟುವವರನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಎರಡು ಕಂಬಿ ಕೂಡುವಲ್ಲಿ ಬೈಂಡಿಂಗ್ ತಂತಿಯನ್ನು ಮಡಚಿ ಕೆಳಗಿನಿಂದ ತೂರಿಸಿ, ಕೊಕ್ಕೆ ಸಿಕ್ಕಿಸಿ ತಿರುಚುತ್ತಾರೆ. ಕಡಿಮೆ ತಿರುಚಿದರೆ ಗಂಟು ಸಡಿಲ; ಹೆಚ್ಚಾದರೆ ತಂತಿಯೇ ತುಂಡು. ಆ ಅಂದಾಜು ಅವರ ಕೈಗೆ ಕರಗತ. ಆದರೆ ಏಪ್ರಿಲ್ ಬಿಸಿಲಿಗೆ ಕಾದ ಕಬ್ಬಿಣದ ಮೇಲೆ ದಿನವಿಡೀ ಬಗ್ಗಿಯೇ ಇರಬೇಕು. ಸೊಂಟ ಎಷ್ಟು ವರ್ಷ ತಡೆದೀತು?

ಅಮೆರಿಕದಲ್ಲಿ ಸೇತುವೆಗಳ ಮೇಲೆ ಟೈಬಾಟ್ ಎಂಬ ಯಂತ್ರ ಈ ಕೆಲಸ ಮಾಡುತ್ತಿದೆ. ಹಾಸಿದ ಕಂಬಿಗಳ ಮೇಲೆ ಉದ್ದನೆಯ ಚೌಕಟ್ಟು ಹಳಿಯ ಮೇಲೆ ಸಾಗುತ್ತದೆ. ಕಂಬಿ ಕೂಡುವ ಜಾಗವನ್ನು ಕ್ಯಾಮೆರಾ ಗುರುತಿಸಿದರೆ, ತೋಳು ಕೆಳಗಿಳಿದು ಕಟ್ಟುತ್ತದೆ. ಕಂಬಿ ಹಾಸುವುದು, ಅಂತರ ಸರಿಪಡಿಸುವುದು ಮನುಷ್ಯರೇ.

ಹೀಗೆ ಜನರ ಜೊತೆ ದುಡಿಯುವ ಯಂತ್ರಗಳ ಕಲ್ಪನೆಗೆ 1996ರಲ್ಲಿ ರೂಪ ಕೊಟ್ಟವರು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಎಡ್ವರ್ಡ್ ಕೋಲ್ಗೇಟ್ ಮತ್ತು ಮೈಕೆಲ್ ಪೆಶ್ಕಿನ್. ಇಂಥ ಯಂತ್ರಗಳಿಗೆ ಕೋಬಾಟ್ ಎಂದು ಹೆಸರು. ಅವರ ಮೊದಲ ಕೋಬಾಟ್‌ಗಳಿಗೆ ತಾವಾಗಿ ಚಲಿಸುವ ಶಕ್ತಿಯೇ ಇರಲಿಲ್ಲ. ತಳ್ಳುವವನು ಮನುಷ್ಯ, ದಾರಿ ತಪ್ಪದಂತೆ ಚಕ್ರ ತಿರುಗಿಸುವುದಷ್ಟೇ ಯಂತ್ರದ ಪಾಲು. ಇಂದಿನವು ತಾವೇ ಚಲಿಸುತ್ತವೆ, ಮೈಗೆ ತಗುಲಿದರೆ ನಿಲ್ಲುತ್ತವೆ. ಯಂತ್ರ ತಗುಲಿದಾಗ ಎಷ್ಟು ಒತ್ತಡದವರೆಗೆ ಅಪಾಯವಿಲ್ಲ ಎಂಬುದನ್ನು ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒದ 2016ರ ದಾಖಲೆಯೊಂದು ದೇಹದ 29 ಜಾಗಗಳಿಗೆ ಬೇರೆ ಬೇರೆಯಾಗಿ ಹೇಳುತ್ತದೆ.

ತೊಡಕು ಇರುವುದು ಇಲ್ಲೇ. ತಗುಲಿದರೂ ಪೆಟ್ಟಾಗದಂಥ ತೋಳಿಗೆ ಬಲವೂ ಕಡಿಮೆ. ಯುಆರ್5 ಎಂಬ ಹೆಸರಾಂತ ಕೋಬಾಟ್ ತೋಳು ಎತ್ತುವುದು 5 ಕಿಲೋ. ನಮ್ಮ ಆರಿಂಚಿನ ಸಾಲಿಡ್ ಬ್ಲಾಕ್ 20 ಕಿಲೋ ಮೀರುತ್ತದೆ. ಅದನ್ನೆತ್ತುವ ಬಲಶಾಲಿ ಯಂತ್ರ ಜನರ ಜೊತೆಗಿರಬೇಕಾದರೆ, ಯಾರಾದರೂ ಹತ್ತಿರ ಬರುವುದನ್ನು ದೂರದಿಂದಲೇ ಗ್ರಹಿಸಿ ನಿಧಾನವಾಗಬೇಕು, ನಿಲ್ಲಬೇಕು. ಕಾರ್ಖಾನೆಯ ಸಮತಟ್ಟು ನೆಲದಲ್ಲಿ ಇದು ಕಷ್ಟವಲ್ಲ. ಮರಳಿನ ರಾಶಿ, ಸೆಂಟ್ರಿಂಗ್ ಕಂಬಗಳ ಕಾಡು, ಸಿಮೆಂಟ್ ಧೂಳು, ಬಾಂಡ್ಲಿ ಹೊತ್ತು ಅತ್ತಿತ್ತ ಓಡಾಡುವ ಜನ ಇರುವ ಮೂವತ್ತು-ನಲವತ್ತರ ಸೈಟಿನಲ್ಲಿ ಅದು ಹೆಜ್ಜೆಹೆಜ್ಜೆಗೂ ನಿಂತೇಬಿಡುತ್ತದೆ. ಇಟ್ಟಿಗೆ ಇಡುವ ಸ್ಯಾಮ್ ಎಂಬ ಯಂತ್ರಕ್ಕೂ ಒಪ್ಪುವುದು ಉದ್ದನೆಯ ನೇರ ಗೋಡೆ. ಅಲ್ಲೂ ಸಂದಿಯ ಗಾರೆ ತೀಡಲು ಮೇಸ್ತ್ರಿ ಬೇಕು.

ಹಾಗಾಗಿ ಚಿತ್ರದುರ್ಗ, ದಾವಣಗೆರೆಯ ಮಟ್ಟಿಗೆ ಟೈಬಾಟ್‌ನಂಥ ಯಂತ್ರಗಳಿಗೆ ತಕ್ಕ ಜಾಗ ಹೆದ್ದಾರಿ ಸೇತುವೆಗಳೇ ಹೊರತು ಮನೆಗಳಲ್ಲ ಎಂಬುದು ನನ್ನ ಅನಿಸಿಕೆ. ಮನೆ ಕಟ್ಟುವಲ್ಲಿ, ನಿಂತುಕೊಂಡೇ ಕಂಬಿ ಕಟ್ಟಬಹುದಾದ ಬ್ಯಾಟರಿ ಉಪಕರಣ ಮೊದಲು ಬರಲಿ.

ಕೂಲಿಯ ಪ್ರಶ್ನೆಯೂ ಇದೆ. ಕಂಬಿ ಕೆಲಸಕ್ಕೆ ಬಹಳ ಕಡೆ ಟನ್ ಲೆಕ್ಕದಲ್ಲಿ ಹಣ. ಯಂತ್ರ ಬಂದು ಕೆಲಸ ಬೇಗ ಮುಗಿದರೆ ಲಾಭ ಗುತ್ತಿಗೆದಾರನಿಗೋ, ದುಡಿದವನಿಗೋ? ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ನಿರ್ಮಾಣ ವೆಚ್ಚದ ಶೇ. 1ರಷ್ಟು ಸೆಸ್ ವಸೂಲಾಗುತ್ತದೆ. ಅದರಲ್ಲಿ ಒಂದು ಪಾಲು ಈ ಯಂತ್ರಗಳ ತರಬೇತಿಗೆ ಹೋಗಲೇಬೇಕು, ಮತ್ತು ಮೊದಲ ತರಬೇತಿ ಇಂದು ಕೊಕ್ಕೆ ಹಿಡಿದವರಿಗೇ ಸಿಗಬೇಕು. ಯಂತ್ರ ಕಟ್ಟಿದ ಗಂಟು ಸಡಿಲವಾಗಿದ್ದರೆ ಅದನ್ನು ಮೊದಲು ಪತ್ತೆಹಚ್ಚುವವರು ಅವರೇ.