ಹಳೆ ಟ್ರ್ಯಾಕ್ಟರಿಗೆ ರಕ್ಷಣಾ ಚೌಕಟ್ಟು: ಕಂಬ ಬಗ್ಗಬೇಕು, ಬುಡ ಅಲುಗಬಾರದು

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ತೋಟದ ಶೆಡ್ಡಿನಲ್ಲಿ ಒಂದು ಹಳೆ ಟ್ರ್ಯಾಕ್ಟರ್ ಇದೆ. 35 ಎಚ್‌ಪಿ. ತಂದೆ ಅದನ್ನು ಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ. ಕಾಫಿ ಹಣ್ಣು ಸಾಗಿಸುವುದು, ಫೆಬ್ರವರಿಯಲ್ಲಿ ಸ್ಪ್ರಿಂಕ್ಲರ್ ಪೈಪು ಹೊರುವುದು, ಮಳೆಗಾಲದಲ್ಲಿ ಗದ್ದೆ ಉಳುವುದು ಎಲ್ಲಾ ಅದರಲ್ಲೇ. ಇಂಜಿನ್ ಇವತ್ತಿಗೂ ಗಟ್ಟಿ. ಆದರೆ ಅದು ಮಗುಚಿದರೆ ಓಡಿಸುವವರನ್ನು ಉಳಿಸುವಂಥದ್ದು ಅದರ ಮೇಲೆ ಒಂದೂ ಇಲ್ಲ.

ಕಳೆದ ಜುಲೈಯಲ್ಲಿ ಪಕ್ಕದ ಗದ್ದೆಯಲ್ಲಿ ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಪಂಜರದಂಥ ಚಕ್ರ) ಹಾಕಿದ್ದ ಒಂದು ಟ್ರ್ಯಾಕ್ಟರ್ ಏರಿ ಹತ್ತುವಾಗ ಮೂತಿ ಎತ್ತಿತು. ನೋಡುತ್ತಿದ್ದ ಹಾಗೇ ಹಿಂದಕ್ಕೆ ಮಗುಚಿಕೊಂಡಿತು. ಓಡಿಸುತ್ತಿದ್ದವರು ಕೆಸರಿನಲ್ಲಿ ಹೂತು ಹೋದರೂ ಬದುಕಿದರು. ನೆಲ ಮೆತ್ತಗಿತ್ತು, ಸ್ಟಿಯರಿಂಗ್ ಎದೆಯಿಂದ ಒಂದು ಗೇಣು ಪಕ್ಕಕ್ಕೆ ಬಿತ್ತು. ಅಷ್ಟೇ ಕಾರಣ. ಆ ಸಂಜೆಯಿಂದ ನಾನು ಈ ವಿಷಯ ಓದಲು ಶುರು ಮಾಡಿದೆ. ಟ್ರ್ಯಾಕ್ಟರ್ ರಿಪೇರಿ ಕಲಿಯುತ್ತಿರುವವರಿಗೆ, ಮನೆಯಲ್ಲಿ ಹಳೆ ಟ್ರ್ಯಾಕ್ಟರ್ ಇರುವವರಿಗೆ ಉಪಯೋಗವಾಗಲಿ ಅಂತ ಈ ಟಿಪ್ಪಣಿ.

ಟ್ರ್ಯಾಕ್ಟರ್ ಮಗುಚಿದರೂ ಓಡಿಸುವವರನ್ನು ಉಳಿಸುವ ಉಕ್ಕಿನ ರಕ್ಷಣಾ ಚೌಕಟ್ಟನ್ನು ಇಂಗ್ಲಿಷಿನಲ್ಲಿ ಚಿಕ್ಕದಾಗಿ ರೋಪ್ಸ್ (ರೋಲ್ ಓವರ್ ಪ್ರೊಟೆಕ್ಟಿವ್ ಸ್ಟ್ರಕ್ಚರ್) ಅನ್ನುತ್ತಾರೆ. ನಾನು ಇಲ್ಲಿ ಸುಮ್ನೆ ಚೌಕಟ್ಟು ಅಂತ ಬರೆಯುತ್ತೇನೆ.

ಟಾಪ್ ಬೇರೆ, ಚೌಕಟ್ಟು ಬೇರೆ

"ನಮ್ಮ ಗಾಡಿಗೆ ಟಾಪ್ ಇದೆಯಲ್ಲ" ಅಂತ ತುಂಬಾ ಜನ ಹೇಳುತ್ತಾರೆ. ಆ ಟಾಪನ್ನು ಒಮ್ಮೆ ಕೈಯಿಂದ ಹಿಡಿದು ಅಲ್ಲಾಡಿಸಿ ನೋಡಿ. ನಾನು ನೋಡಿದೆ. ತೆಳು ಪೈಪು, ಮೇಲೊಂದು ತಗಡು. ಕಾಲುಗಳು ನಿಂತಿರುವುದು ಮಡ್‌ಗಾರ್ಡಿನ ಮೇಲೆ, ಕಿರುಬೆರಳು ದಪ್ಪದ ಬೋಲ್ಟುಗಳಲ್ಲಿ. ಮಡ್‌ಗಾರ್ಡೇ ಒಂದು ತಗಡು. ಬೋಲ್ಟಿನ ಸುತ್ತ ಬಣ್ಣ ಬಿರುಕು ಬಿಟ್ಟಿತ್ತು, ಅಂದರೆ ಬರೀ ರಸ್ತೆಯ ಕುಲುಕಾಟಕ್ಕೇ ಆ ತಗಡು ಬಗ್ಗುತ್ತಿದೆ. ಅದು ಬಿಸಿಲಿಗೆ, ಮಳೆಗೆ. ಟ್ರ್ಯಾಕ್ಟರಿನ ಭಾರ ಅದರ ಮೇಲೆ ಬಿದ್ದರೆ ಚಪ್ಪಟೆ.

ಚೌಕಟ್ಟು ನಿಲ್ಲುವುದು ಹಿಂದಿನ ಆಕ್ಸಲ್ ಹೌಸಿಂಗ್ (ಚಕ್ರದ ಅಚ್ಚನ್ನು ಮುಚ್ಚಿರುವ ಗಟ್ಟಿ ಕವಚ) ಮೇಲೆ, ಸೀಟಿನ ಹಿಂದೆ. ಸಾಮಾನ್ಯವಾಗಿ ಎರಡು ಕಂಬ, ಮೇಲೆ ಅಡ್ಡ ಸೇರಿಸಿದ ತಲೆಬಾಗಿಲಿನ ಹಾಗೆ. ನಾಲ್ಕು ಕಂಬದ್ದೂ ಇದೆ, ಕ್ಯಾಬಿನ್ ಒಳಗೇ ಸೇರಿಸಿದ್ದೂ ಇದೆ. ಪಕ್ಕಕ್ಕೆ ಬಿದ್ದ ಟ್ರ್ಯಾಕ್ಟರನ್ನು ಹೆಚ್ಚಿನ ಸಲ 90 ಡಿಗ್ರಿಯಲ್ಲೇ ತಡೆದು ನಿಲ್ಲಿಸುವುದು, ಪೂರ್ತಿ ಮಗುಚಿದರೂ ಡ್ರೈವರ್ ಕೂತಿರುವ ಜಾಗವನ್ನು ಖಾಲಿ ಉಳಿಸುವುದು, ಇವೇ ಅದರ ಕೆಲಸ.

ಮಗುಚುವುದು ಹೇಗೆ

ಟ್ರ್ಯಾಕ್ಟರಿಗೆ ನಾಲ್ಕು ಚಕ್ರ ಇದ್ದರೂ ಅದು ನಿಂತಿರುವುದು ಮೂರು ಕಾಲಿನ ಮೇಲೆ ಅಂದುಕೊಳ್ಳಿ. ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ನಿನ ಮೇಲೆ ತೂಗಾಡುತ್ತದೆ. ಹಾಗಾಗಿ ಎರಡು ಹಿಂದಿನ ಚಕ್ರ, ಮುಂದಿನ ಆ ಪಿನ್ನು ಸೇರಿ ಒಂದು ತ್ರಿಕೋನ. ಗುರುತ್ವ ಕೇಂದ್ರದ ನೇರ ಕೆಳಗಿನ ಬಿಂದು ಆ ತ್ರಿಕೋನದ ಒಳಗಿದ್ದಷ್ಟು ಹೊತ್ತು ಕ್ಷೇಮ. ನಮ್ಮ ತೋಟದ ದಾರಿಗಳಲ್ಲಿ ಒಂದು ಕಡೆ ಬರೆ, ಇನ್ನೊಂದು ಕಡೆ ಇಳಿಜಾರು. ಮಳೆಗೆ ದಾರಿಯ ಅಂಚು ಕುಸಿದಿರುತ್ತದೆ, ಮೇಲೆ ಹುಲ್ಲು ಬೆಳೆದು ಕಾಣುವುದಿಲ್ಲ. ಕೆಳಗಿನ ಚಕ್ರ ಒಂದು ತೊಟ್ಟಿಲು ಗುಂಡಿಗೆ (ತೋಟದಲ್ಲಿ ಮಳೆನೀರು ಇಂಗಿಸಲು ತೋಡಿದ ಗುಂಡಿ) ಇಳಿದು ಮೇಲಿನ ಚಕ್ರ ಒಂದು ಬೇರು ಹತ್ತಿದರೆ ಆ ಬಿಂದು ತ್ರಿಕೋನದಾಚೆ ಹೋಗಲು ಜಾಸ್ತಿ ಹೊತ್ತು ಬೇಡ. ತಿರುವಿನಲ್ಲಿ ವೇಗವೂ ಸೇರಿಕೊಳ್ಳುತ್ತದೆ. ಗಂಟೆಗೆ 10 ಕಿ.ಮೀ. ಇದ್ದದ್ದು 20 ಆದರೆ ಹೊರಕ್ಕೆ ತಳ್ಳುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಹಿಂದಕ್ಕೆ ಮಗುಚುವುದು ಬೇರೆಯೇ ಕಥೆ. ಇಂಜಿನ್ ಆಕ್ಸಲನ್ನು ತಿರುಗಿಸುತ್ತದೆ, ಆಕ್ಸಲ್ ಚಕ್ರವನ್ನು. ಕೆಸರಿನಲ್ಲೋ ಏರಿಗೆ ಒರಗಿಯೋ ಚಕ್ರ ಸಿಕ್ಕಿಹಾಕಿಕೊಂಡರೆ ಆ ಶಕ್ತಿ ಎಲ್ಲಿಗೆ ಹೋಗಬೇಕು? ಚಕ್ರ ತಿರುಗದಿದ್ದರೆ ಟ್ರ್ಯಾಕ್ಟರಿನ ಮೈಯೇ ಆಕ್ಸಲ್ ಸುತ್ತ ತಿರುಗುತ್ತದೆ. ಮೂತಿ ಏಳುತ್ತದೆ. ಎದ್ದ ಮೇಲೆ ಸುಮಾರು ಮುಕ್ಕಾಲು ಸೆಕೆಂಡಿನಲ್ಲಿ ವಾಪಸ್ ತರಲಾಗದ ಹಂತ, ಒಟ್ಟು ಒಂದೂವರೆ ಸೆಕೆಂಡಿನಲ್ಲಿ ಪೂರ್ತಿ ಮಗುಚು. ಇದು ಓದಿದಾಗ ನನಗೆ ಆ ಗದ್ದೆಯೇ ಕಣ್ಣ ಮುಂದೆ ಬಂತು. "ಹಾರಿಬಿಡಬಹುದಿತ್ತು" ಅಂತ ಆಮೇಲೆ ಎಷ್ಟೋ ಜನ ಹೇಳಿದರು. ಏನಾಗುತ್ತಿದೆ ಅಂತ ತಲೆಗೆ ಹೊಳೆದು ಕಾಲು ಕ್ಲಚ್ ಒತ್ತುವಷ್ಟರಲ್ಲೇ ಆ ಮುಕ್ಕಾಲು ಸೆಕೆಂಡು ಮುಗಿದಿರುತ್ತದೆ.

ತೋಟದಲ್ಲಿ ಸಿಲ್ವರ್ ಓಕ್ ಮರದ ದಿಮ್ಮಿ ಎಳೆಯುವವರು ಚೈನನ್ನು ಟಾಪ್ ಲಿಂಕ್ (ಉಪಕರಣ ಜೋಡಿಸುವ ಮೇಲಿನ ಕೊಂಡಿ) ಹತ್ತಿರ, ಎತ್ತರದಲ್ಲಿ ಕಟ್ಟುವುದನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಎಳೆತ ಆಕ್ಸಲ್‌ಗಿಂತ ಮೇಲಿದ್ದರೆ ಅದೇ ಮೂತಿಯನ್ನು ಎತ್ತುತ್ತದೆ. ಹಿಂದೆ ಕೆಳಗಿರುವ ಎಳೆಯುವ ಕಂಬಿ, ಅಂದರೆ ಡ್ರಾಬಾರ್‌ಗೆ ಮಾತ್ರ ಕಟ್ಟಬೇಕು. ಚೌಕಟ್ಟು ಹಾಕಿಸಿದ ಮೇಲೆ ಅದಕ್ಕೇ ಹಗ್ಗ ಕಟ್ಟಿ ಎಳೆಯುವುದಂತೂ ಇನ್ನೂ ಅಪಾಯ.

ಎಷ್ಟು ತಡೆಯಬೇಕು: ಒಂದು ಲೆಕ್ಕ

ನನಗೆ ಇಡೀ ವಿಷಯದಲ್ಲಿ ಹೆಚ್ಚು ಹಿಡಿಸಿದ್ದು ಈ ಭಾಗ. ಒಇಸಿಡಿ (ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆ) ಮಾಡಿದ ಟ್ರ್ಯಾಕ್ಟರ್ ನಿಯಮಗಳಲ್ಲಿ 4ನೆಯ ಕೋಡ್ ಪ್ರಕಾರ ಚೌಕಟ್ಟನ್ನು ನಿಧಾನವಾಗಿ ತಳ್ಳಿ ಪರೀಕ್ಷೆ ಮಾಡುತ್ತಾರೆ. ಮೊದಲು ಉದ್ದಕ್ಕೆ, ಅಂದರೆ ಹಿಂದಿನಿಂದಲೋ ಮುಂದಿನಿಂದಲೋ ತಳ್ಳುವುದು. ಆಗ ಚೌಕಟ್ಟು ಹೀರಿಕೊಳ್ಳಬೇಕಾದ ಶಕ್ತಿ, ಟ್ರ್ಯಾಕ್ಟರಿನ ಕೆ.ಜಿ. ತೂಕವನ್ನು 1.4ರಿಂದ ಗುಣಿಸಿದಷ್ಟು ಜೂಲ್. ಪಕ್ಕದಿಂದ ತಳ್ಳುವಾಗ 1.75ರಿಂದ ಗುಣಿಸಬೇಕು. ಮೇಲಿನಿಂದ ಅಮುಕುವ ಬಲ, ತೂಕವನ್ನು 20ರಿಂದ ಗುಣಿಸಿದಷ್ಟು ನ್ಯೂಟನ್.

ನಮ್ಮ ಟ್ರ್ಯಾಕ್ಟರ್ 1800 ಕೆ.ಜಿ. ಅಂತ ಇಟ್ಟುಕೊಳ್ಳೋಣ. ಉದ್ದಕ್ಕೆ ತಳ್ಳಿದಾಗ 2520 ಜೂಲ್, ಪಕ್ಕದಿಂದ 3150 ಜೂಲ್. ಮೇಲಿನಿಂದ 36,000 ನ್ಯೂಟನ್, ಅಂದರೆ ಸುಮಾರು 3670 ಕೆ.ಜಿ. ಭಾರ. ಎರಡು ಟ್ರ್ಯಾಕ್ಟರ್ ಒಂದರ ಮೇಲೊಂದು ಕೂತ ಹಾಗೆ! 2520 ಜೂಲ್ ಅಂದರೆ ಎಷ್ಟು ಅಂತ ತಿಳಿಯಬೇಕಾದರೆ, 50 ಕೆ.ಜಿ. ಕಾಫಿ ಮೂಟೆಯನ್ನು 5 ಮೀಟರಿಗಿಂತ ಸ್ವಲ್ಪ ಮೇಲಿನಿಂದ ಬಿಟ್ಟ ಏಟು. ಎಲ್ಲಾ ಪರೀಕ್ಷೆಗಳೂ ಒಂದೇ ಚೌಕಟ್ಟಿನ ಮೇಲೆ, ಒಂದರ ಹಿಂದೆ ಒಂದು, ನಡುವೆ ರಿಪೇರಿ ಇಲ್ಲದೆ. ಯಾವ ಹಂತದಲ್ಲೂ ಯಾವ ಭಾಗವೂ ಡ್ರೈವರ್ ಕೂರುವ ಜಾಗದೊಳಗೆ ನುಗ್ಗಬಾರದು.

ಗಮನಿಸಿ, ಮೊದಲ ಎರಡು ಅಳತೆಗಳಲ್ಲಿ ಕೇಳುತ್ತಿರುವುದು ಬಲ ಅಲ್ಲ, ಹೀರಿಕೊಂಡ ಶಕ್ತಿ. ಶಕ್ತಿ ಹೀರಬೇಕಾದರೆ ಉಕ್ಕು ಬಗ್ಗಬೇಕು. ಬಿದಿರು ಬಗ್ಗಿ ಗಾಳಿ ತಡೆದ ಹಾಗೆ ಅನ್ನೋಣ ಅಂದರೆ ಅದೂ ಪೂರ್ತಿ ಸರಿ ಅಲ್ಲ. ಬಿದಿರು ವಾಪಸ್ ಎದ್ದು ನಿಲ್ಲುತ್ತದೆ, ಚೌಕಟ್ಟು ಬಗ್ಗಿದ್ದು ಬಗ್ಗಿದ ಹಾಗೇ ಉಳಿಯುತ್ತದೆ. ಹಾಗಾಗಿ ಒಮ್ಮೆ ಮಗುಚಿದ ಚೌಕಟ್ಟನ್ನು ಬಡಿದು ನೆಟ್ಟಗೆ ಮಾಡಿ ಮತ್ತೆ ಬಳಸುವ ಹಾಗಿಲ್ಲ. ಬಗ್ಗುವ ಶಕ್ತಿ ಅದರಲ್ಲಿ ಖರ್ಚಾಗಿದೆ. ಹೊಸದೇ ಬೇಕು.

"ದಪ್ಪ ಪೈಪ್ ಹಾಕಿ ವೆಲ್ಡ್ ಮಾಡಿಸಿದರೆ ಆಯ್ತಲ್ಲ" ಅನ್ನುವ ಮಾತಿಗೂ ಉತ್ತರ ಇಲ್ಲೇ ಇದೆ. ನೀರಿನ ಜಿಐ ಪೈಪು ಎಷ್ಟೇ ದಪ್ಪ ಇದ್ದರೂ ಜೋರಾಗಿ ಬಗ್ಗಿದಾಗ ಉದ್ದಕ್ಕೂ ಬೆಸೆದ ಹೊಲಿಗೆಯಲ್ಲಿ ಸೀಳಬಹುದು, ವೆಲ್ಡ್ ಪಕ್ಕದಲ್ಲಿ ಮುರಿಯಬಹುದು. ಮುರಿದರೆ ಹೀರಿಕೊಳ್ಳುವುದು ಅಲ್ಲಿಗೇ ನಿಂತಿತು. ಕಂಬ ವಿಪರೀತ ಗಡುಸಾಗಿ ಬಗ್ಗದೇ ಹೋದರೆ ಆ ಏಟು ನೇರ ಬುಡಕ್ಕೆ, ಬೋಲ್ಟಿಗೆ, ಆಕ್ಸಲ್ ಹೌಸಿಂಗಿಗೆ. ಊರಿನ ವೆಲ್ಡರ್ ಕೈಚಳಕದ ಬಗ್ಗೆ ನನಗೆ ಗೌರವ ಇದೆ. ಆದರೆ ಮಾಡಿದ್ದನ್ನು ಒಮ್ಮೆ ಹಾಳು ಮಾಡಿ ನೋಡದೆ ಅದು ಸರಿಯಿದೆ ಅಂತ ಯಾರಿಗೂ ಹೇಳಲು ಆಗುವುದಿಲ್ಲ.

ಬುಡ

ಒಂದು ಭಾನುವಾರ ಹಳೆ ಸ್ಕ್ರೂಡ್ರೈವರ್, ಡೀಸೆಲ್, ಬಟ್ಟೆ ಇಟ್ಟುಕೊಂಡು ಆಕ್ಸಲ್ ಹೌಸಿಂಗ್ ಕೆರೆಯಲು ಕೂತೆ. ಎಷ್ಟೋ ವರ್ಷದ ಗ್ರೀಸು, ಕೆಂಪು ಮಣ್ಣು, ಹೊಟ್ಟು ಸೇರಿ ಒಂದು ಇಂಚು ಪದರ. ಅದರ ಕೆಳಗೆ ಬಲಗಡೆ ನುಣುಪಾಗಿ ಕಡೆದ ಒಂದು ಚಪ್ಪಟೆ ಜಾಗ, ಅದರಲ್ಲಿ ನಾಲ್ಕು ತೂತು. ಎರಡರಲ್ಲಿ ಮಡ್‌ಗಾರ್ಡಿನ ಬ್ರಾಕೆಟ್ ಬೋಲ್ಟು. ಉಳಿದ ಎರಡರಲ್ಲಿ ಮಣ್ಣು. ಎಡಗಡೆಯೂ ಹಾಗೇ, ಆದರೆ ಒಂದು ತೂತಿನ ಮರೆ (ಬೋಲ್ಟಿನ ಥ್ರೆಡ್) ತಿಂದು ಹೋಗಿದೆ. ಇಷ್ಟು ದಿನ ಇದರ ಮೇಲೆ ಕೂತು ಓಡಿಸಿದ್ದೇನೆ, ಒಂದು ದಿನವೂ ನೋಡಿರಲಿಲ್ಲ.

ಚೌಕಟ್ಟನ್ನು ಮಾದರಿಗೆ ತಕ್ಕ ಹಾಗೆ ಮಾಡುವುದು ಇದಕ್ಕೇ. ಹಳೆ ಟ್ರ್ಯಾಕ್ಟರುಗಳ ಹೌಸಿಂಗ್ ಎರಕದ ಕಬ್ಬಿಣ. ಅದಕ್ಕೆ ವೆಲ್ಡ್ ಹಾಕಿದರೆ ಪಕ್ಕದಲ್ಲಿ ಬಿರುಕು ಹುಟ್ಟುತ್ತದೆ, ಹೊಸ ತೂತು ಕೊರೆದರೆ ಬಲ ಕಡಿಮೆಯಾಗುತ್ತದೆ. ಬೋಲ್ಟಿನ ವಿಷಯವೂ ಅಷ್ಟೇ. ತಲೆಯ ಮೇಲೆ 8.8 ಅಂತ ಇದ್ದರೆ ಅದು 640 ಮೆಗಾಪ್ಯಾಸ್ಕಲ್ (ಎಳೆತದ ಒತ್ತಡದ ಅಳತೆ) ವರೆಗೆ ಶಾಶ್ವತವಾಗಿ ಹಿಗ್ಗದೆ ತಡೆಯುತ್ತದೆ. ಮೊದಲ ಅಂಕಿ ನೂರರಿಂದ ಗುಣಿಸಿದರೆ 800, ಅದರಲ್ಲಿ ಹತ್ತಕ್ಕೆ ಎಂಟು ಪಾಲು. 4.6 ಬೋಲ್ಟಾದರೆ ಬರೀ 240. ಎರಡೂ ಒಂದೇ ದಪ್ಪ, ಅಂಗಡಿಯ ಒಂದೇ ಡಬ್ಬದಲ್ಲಿ ಬಿದ್ದಿರಬಹುದು. ತಲೆ ಓದಿ ತೆಗೆದುಕೊಳ್ಳಿ, ಟಾರ್ಕ್ ರೆಂಚಿನಲ್ಲೇ (ಎಷ್ಟು ಬಿಗಿಯಾಗಿದೆ ಅಂತ ಅಳೆಯುವ ಪಾನಾ) ಬಿಗಿಯಿರಿ.

ಪರೀಕ್ಷೆಯಾದ ಚೌಕಟ್ಟಿನ ಮೇಲೆ ಒಂದು ಪಟ್ಟಿ ಇರುತ್ತದೆ. ಯಾರು ಮಾಡಿದ್ದು, ಯಾವ ಟ್ರ್ಯಾಕ್ಟರ್ ಮಾದರಿಗೆ, ಯಾವ ಮಾನದಂಡದ ಪ್ರಕಾರ ಅಂತ. ನಮ್ಮ ದೇಶದಲ್ಲಿ ಇದರ ಪರೀಕ್ಷೆಗೆ ಐಎಸ್ 11821 ಇದೆ. ಟ್ರ್ಯಾಕ್ಟರುಗಳನ್ನು ಪರೀಕ್ಷಿಸುವ ಕೇಂದ್ರ ಸರ್ಕಾರದ ಸಂಸ್ಥೆ ಮಧ್ಯಪ್ರದೇಶದ ಬುದ್ನಿಯಲ್ಲಿದೆ. ವಿಚಾರಿಸಲು ಹೊರಟರೆ ಮೊದಲು ಕಂಪನಿಗೆ ಮಾದರಿ, ಚಾಸಿಸ್ ನಂಬರು, ಹೌಸಿಂಗಿನ ತೂತುಗಳ ಅಳತೆ, ಒಂದು ಫೋಟೋ ಕಳಿಸಿ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲೂ ಕೇಳಿ ನೋಡಬಹುದು.

ನಮ್ಮ ಮಳೆಗೆ ತುಕ್ಕಿನ ಭಯ ಬೇರೆ. ಕಂಬದ ಒಳಗೆ ನೀರು ಇಳಿದು ಬುಡದಲ್ಲಿ ನಿಂತರೆ ಹೊರಗೆ ಬಣ್ಣ ಚೆನ್ನಾಗಿದ್ದರೂ ಒಳಗೆ ತಿಂದಿರುತ್ತದೆ. ಮಳೆಗಾಲ ಮುಗಿದು ಆಯುಧಪೂಜೆಗೆ ಗಾಡಿ ತೊಳೆಯುತ್ತೇವಲ್ಲ, ಆಗ ಬುಡ ತಟ್ಟಿ ನೋಡಿ, ಬೋಲ್ಟು ಬಿಗಿ ಮಾಡಿ.

ಬೆಲ್ಟು, ಮಡಚುವ ಕಂಬ

ಚೌಕಟ್ಟು ಇದ್ದರೆ ಬೆಲ್ಟ್ ಹಾಕಲೇಬೇಕು. ಇಲ್ಲದಿದ್ದರೆ ಮಗುಚುವಾಗ ಹೊರಗೆ ಎಸೆಯಲ್ಪಟ್ಟು ಅದೇ ಚೌಕಟ್ಟಿನ ಕೆಳಗೆ ಸಿಗಬಹುದು. ಚೌಕಟ್ಟು ಇಲ್ಲದಿದ್ದರೆ ಬೆಲ್ಟ್ ಹಾಕಲೇಬಾರದು.

ಕಾಫಿ ತೋಟದಲ್ಲಿ ಎತ್ತರದ ಕಂಬ ಹಲಸಿನ ಕೊಂಬೆಗೆ, ಮೆಣಸಿನ ಬಳ್ಳಿಗೆ ತಗಲುತ್ತದೆ ಅನ್ನುವುದು ನಿಜವಾದ ತೊಂದರೆ. ಅದಕ್ಕೆ ಮಡಚುವ ಚೌಕಟ್ಟು ಇದೆ. ಕೊಂಬೆ ಇರುವಷ್ಟು ದೂರ ಮಡಚಿ, ದಾಟಿದ ಕೂಡಲೇ ಎತ್ತಿ ಪಿನ್ ಹಾಕಬೇಕು. ಮಡಚಿದ್ದಾಗ ರಕ್ಷಣೆ ಇಲ್ಲ, ಆಗ ಬೆಲ್ಟೂ ಬೇಡ. ನನ್ನ ಅಭಿಪ್ರಾಯ ಕೇಳಿದರೆ, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಮಾಡಿಸುವಾಗ ದಾರಿಯ ಮೇಲಿನ ಕೊಂಬೆಗಳನ್ನೂ ತೆಗೆಸಿಬಿಡಿ. ಮಡಚಿದ್ದನ್ನು ಎತ್ತಲು ಮರೆಯುವುದು ತುಂಬಾ ಸುಲಭ.

ಬೇರೆ ದೇಶಗಳಲ್ಲಿ

ಸ್ವೀಡನ್ 1959ರಲ್ಲಿ ಹೊಸ ಟ್ರ್ಯಾಕ್ಟರುಗಳಿಗೆ ಚೌಕಟ್ಟು ಕಡ್ಡಾಯ ಮಾಡಿತು, ಆಮೇಲೆ ಹಳೆಯವಕ್ಕೂ ತಂದಿತು. ಅಲ್ಲಿ 1957ರಲ್ಲಿ ಒಂದು ಲಕ್ಷ ಟ್ರ್ಯಾಕ್ಟರಿಗೆ 17 ಜನ ಮಗುಚಿ ಸಾಯುತ್ತಿದ್ದರು. 1990ರ ಹೊತ್ತಿಗೆ 0.3. ಅಮೆರಿಕದಲ್ಲಿ ಕೂಲಿಯವರು ಓಡಿಸುವ, 1976ರ ಅಕ್ಟೋಬರ್ 25ರ ನಂತರ ತಯಾರಾದ ಟ್ರ್ಯಾಕ್ಟರುಗಳಿಗೆ ನಿಯಮ ಬಂತು. ಹಳೆಯವು ಹಾಗೇ ಉಳಿದವು. ಅದಕ್ಕೇ ನ್ಯೂಯಾರ್ಕ್ ರಾಜ್ಯ 2006ರಲ್ಲಿ ಹಳೆ ಟ್ರ್ಯಾಕ್ಟರಿಗೆ ಚೌಕಟ್ಟು ಹಾಕಿಸುವ ರೈತರಿಗೆ ಖರ್ಚಿನ ದೊಡ್ಡ ಪಾಲು ವಾಪಸ್ ಕೊಡುವ ಯೋಜನೆ ಶುರು ಮಾಡಿತು. ನಮ್ಮಲ್ಲೂ ಉಪಕರಣಗಳಿಗೆ ಸಬ್ಸಿಡಿ ಕೊಡುತ್ತಾರಲ್ವಾ? ಟಿಲ್ಲರಿಗೆ, ಸ್ಪ್ರೇಯರಿಗೆ ಕೊಡುವ ಹಾಗೆ ಇದಕ್ಕೂ ಕೊಡಬೇಕು ಅಂತ ನಾವು ಕೇಳಬೇಕು.

ಚೌಕಟ್ಟು ಸಿಗುವವರೆಗೆ

ನಮ್ಮ ಮಾದರಿಗೆ ಇನ್ನೂ ಸಿಕ್ಕಿಲ್ಲ. ಅಲ್ಲಿಯವರೆಗೆ ಹಿಂದಿನ ಚಕ್ರಗಳ ಅಗಲ ಹೆಚ್ಚಿಸಿದ್ದೇವೆ, ಮುಂದೆ ತೂಕದ ಪಟ್ಟಿ ಹಾಕಿದ್ದೇವೆ. ಕಡಿದಾದ ಏರಿಯನ್ನು ರಿವರ್ಸಿನಲ್ಲಿ ಹತ್ತುತ್ತೇವೆ. ಕೆಳಗಿನ ಬ್ಲಾಕಿನ ಕಡಿದಾದ ದಾರಿಗೆ ಈ ಟ್ರ್ಯಾಕ್ಟರ್ ಇಳಿಸುವುದನ್ನೇ ನಿಲ್ಲಿಸಿದ್ದೇವೆ, ಅಲ್ಲಿಂದ ಹಣ್ಣು ತಲೆಹೊರೆಯಲ್ಲೇ ಬರುತ್ತದೆ. ಎರಡು ದಿನ ಜಾಸ್ತಿ ಹಿಡಿಯುತ್ತದೆ.

ಇನ್ನೊಂದು ವಿಷಯ. ಚೌಕಟ್ಟಿನ ಲೆಕ್ಕದಲ್ಲಿ ಉಳಿಸುವ ಜಾಗ ಒಂದೇ, ಡ್ರೈವರ್ ಸೀಟು. ಮಡ್‌ಗಾರ್ಡಿನ ಮೇಲೆ ಕೂತವರು ಆ ಲೆಕ್ಕದಲ್ಲಿ ಇಲ್ಲ. ನಮ್ಮ ಎಡ ಮಡ್‌ಗಾರ್ಡಿನ ಮೇಲೆ ತಂದೆ ಒಂದು ಕುಷನ್ ಹಾಕಿಸಿದ್ದರು, ಶಾಲೆಯಿಂದ ಬರುವಾಗ ನಾನು ಕೂರುತ್ತಿದ್ದದ್ದು ಅದರ ಮೇಲೇ. ಕಳೆದ ವಾರ ಇಬ್ಬರೂ ಸೇರಿ ಅದನ್ನು ಬಿಚ್ಚಿ ಶೆಡ್ಡಿನ ಅಟ್ಟಕ್ಕೆ ಹಾಕಿದೆವು.