ತಾಳಿಕಿ, ಬಾಳಿಕಿ ಮತ್ತ ಒಂದು ನಲವತ್ತು ಸಾವಿರದ ಕೋಟು

ಮೊನ್ನೆ ನಮ್ಮಕ್ಕನ ಮಗಳು ಟೊರಾಂಟೊದಿಂದ ಒಂದು ಉಣ್ಣಿ ಕೋಟಿನ ಫೋಟೋ ಕಳಿಸಿ, "ಮಾಮಾ, ನಮ್ಮ ರೊಕ್ಕದಾಗ 40,000 ಆಗತೈತಿ, ತಗೊಳ್ಳೋ ಬಿಡ್ಲೋ?" ಅಂತ ಕೇಳಿದ್ಲು. ಕೇಳಿದ್ದು ಯಾರನ್ನ ನೋಡ್ರಿ, ಧಾರವಾಡದಾಂವನ್ನ. ಜನವರಿ ಮುಂಜಾನೆ 13-14 ಡಿಗ್ರಿಗೆ ಇಳಿದ್ರ ಮಂಕಿ ಕ್ಯಾಪ್ ಹುಡುಕೋ ಮಂದಿ ನಾವು, ಹನ್ನೊಂದು ಗಂಟೆ ಆಗೂದ್ರಾಗ ಅದನ್ನ ಕಿಸೇದಾಗ ತುರುಕಿರ್ತೇವಿ. ಬಾಜೂಕ ಕುಂತಿದ್ದ ಅಕ್ಕ ಮಾತ್ರ ಒಂದ ಮಾತು ಕೇಳಿದ್ಲು, "ಬಾಳಿಕಿ ಬರತೈತೇನು ಕೇಳು."

ಈ ಪದ ದಿನಾ ಬಾಯಾಗ ಇರತೈತಿ, ಆದ್ರ ಬಿಡಿಸಿ ನೋಡೂದಿಲ್ಲ. ನಂಬು ಅನ್ನೂದು ನಂಬಿಕೆ ಆದಂಗ ಬಾಳು ಅನ್ನೂದು ಬಾಳಿಕೆ, ತಾಳು ಅನ್ನೂದು ತಾಳಿಕೆ. ಅರಬಿ ಅಂಗಡ್ಯಾವ್ರು "ತಾಳಿಕಿ ಬಾಳಿಕಿ ಬರತೈತ್ರಿ ಅಕ್ಕಾರ" ಅಂತ ಎರಡನ್ನೂ ಒಂದ ಉಸಿರಿನ್ಯಾಗ ಹೇಳಿ ಹೇಳಿ ನಮಗೂ ಎರಡೂ ಒಂದ ಅನಿಸಿಬಿಟ್ಟೈತಿ. ನನಗ ಹಂಗ ಅನ್ಸೂದಿಲ್ಲ. ತಾಳಿಕಿ ಅಂದ್ರ ಅರಬೀದ ಗುಣ, ಎಳೆದ್ರ ಹರಿಬಾರದು, ಒಗೆದ್ರ ಪಿಸಿಬಾರದು. ಬಾಳಿಕಿ ಅಂದ್ರ ಅರಬಿ ಮತ್ತ ಹಾಕ್ಕೊಳ್ಳಾವ್ರು ಇಬ್ಬರೂ ಕೂಡಿ ಮಾಡೂ ಸಂಸಾರ. "ಬೆಲೆಬಾಳುವ" ಅಂತೇವಲ್ಲ, ಅಲ್ಲೂ ಇದ ಬಾಳು, ಬದುಕೂದೂ ಹೌದು ಕಿಮ್ಮತ್ತು ತೂಗೂದೂ ಹೌದು.

ನಮ್ಮ ಆಯಿ ಹತ್ರ ಒಂದು ಕರೀ ಕಂಬಳಿ ಇತ್ತು, ರಾಣೇಬೆನ್ನೂರ ಕಡೆ ಮೆಡ್ಲೇರಿದು, ಹುಣಸಿ ಬೀಜದ ಗಂಜಿ ಹಚ್ಚಿ ನೇಯ್ದದ್ದು, ಹೊಸಾದಿದ್ದಾಗ ಮೈಗೆ ಚುಚ್ಚತಿತ್ತಂತ. ಮಳ್ಯಾಗ ಕೊಪ್ಪಿ ಹಾಕ್ಕೊಳ್ಳೂದು ಅದನ್ನ, ಕಣದಾಗ ಮಲಗೂದು ಅದರ ಮ್ಯಾಲ, ಮಂದಿ ಬಂದ್ರ ಹಾಸೂದೂ ಅದನ್ನ. ಅದ ಆಯೀದ ಒಂದು ಇಳಕಲ್ ಸೀರಿ, ಛಲೋದು ಅಂತ ಟ್ರಂಕಿನ್ಯಾಗ ಮಡಚಿ ಇಟ್ಟಿದ್ಲು, ನಾವು ತಗದಾಗ ಮಡಿಕಿ ಬಿದ್ದಲ್ಲೆಲ್ಲ ಗೆರಿ ಹೊಡದಂಗ ಸೀಳಿತ್ತು. ಉಡದ ಹರೀತು. ಕಂಬಳಿ ಬಾಳ್ತು, ಸೀರಿ ಬಾಳಲಿಲ್ಲ.

ಇನ್ನ ಕೋಟು. ಮೊದಲ ತಾಳಿಕಿ ನೋಡು ಅಂದೆ. ಒಳಗಿನ ಲೇಬಲ್ ಓದು, ಉಣ್ಣಿ ಎಷ್ಟು ಪಾಲಿಯೆಸ್ಟರ್ ಎಷ್ಟು ಬರದಿರ್ತಾರ, ಸಣ್ಣ ಎಳಿ ಉಣ್ಣಿಗೆ ಪಾಲಿಯೆಸ್ಟರ್ ಭಾಳ ಬೆರಿಸಿದ್ರ ತೋಳಿನ ಕೆಳಗ ಗಂಟು ಗಂಟು ಏಳ್ತಾವ, ಆ ಗಂಟು ಉದುರೂದೂ ಇಲ್ಲ. ಗುಂಡಿ ಹಿಂದ ಇನ್ನೊಂದು ಪುಟ್ಟ ಗುಂಡಿ ಐತೇನು ನೋಡು, ಇತ್ತಂದ್ರ ಎಳತ ಅದರ ಮ್ಯಾಲ ಬೀಳತೈತಿ, ಅರಬಿ ಹರಿಯೂದಿಲ್ಲ. ಎದಿ ಭಾಗ ಎರಡು ಬೆರಳಾಗ ಹಿಡದು ಮೆಲ್ಲಕ ಎಳಿ, ನಡುವ ಒಂದು ಪದರ ಸಡಿಲಾಗಿ ಕೈಗೆ ಹತ್ತಿದ್ರ ಒಳಗ ಕ್ಯಾನ್ವಾಸ್ ಅನ್ನೂ ಬಿರುಸು ಅರಬಿ ಇಟ್ಟು ಹೊಲದಾರ, ಹತ್ತದಿದ್ರ ಬಹುಶಃ ಅಂಟು ಹಚ್ಚಿ ಇಸ್ತ್ರಿ ಒತ್ತಿದ್ದು. ಅಂಟಿನದು ಅಂದ್ಕೂಡ್ಲೆ ಕೆಟ್ಟದ್ದು ಅಂತಲ್ಲ, ಆದ್ರ ನನ್ನ ಲಗ್ನದ ಸೂಟು ಅಂಟಿಂದ ಇತ್ತು, ಮೂರನೇ ಸಲ ಡ್ರೈಕ್ಲೀನ್ ಮಾಡಿಸಿದಾಗ ಎದಿ ಮ್ಯಾಲ ಹಪ್ಪಳ ಕರದಂಗ ಗುಳ್ಳಿ ಎದ್ದು, ಈಗ ಆ ಸೂಟು ಫೋಟೋದಾಗ ಅಷ್ಟ ಐತಿ. ಎಂಥಾ ಕೋಟಿಗೂ ಮೊದಲ ಹರಿಯೂದು ಒಳಗಿನ ಅಸ್ತರು, ಅದನ್ನ ಬದಲಿ ಮಾಡಾಕ ಬರತೈತೇನು ಅಂತನೂ ಕೇಳು ಅಂದೆ. ಡೌನ್ ಜಾಕೆಟ್, ಅಂದ್ರ ಪುಕ್ಕ ತುಂಬಿದ್ದು, ಆದ್ರ ಲೆಕ್ಕ ಬ್ಯಾರೆ, ಅಲ್ಲಿ ಫಿಲ್ ಪವರ್ ಅಂತಾರ, ಒಂದು ಔನ್ಸ್ ಪುಕ್ಕ ಎಷ್ಟು ಘನ ಇಂಚು ಉಬ್ಬತೈತಿ ಅನ್ನೂ ಅಳತಿ, 600 ಅಂದ್ರ ನಡೀತೈತಿ, 800 ಅಂದ್ರ ಹಗುರಕ್ಕ ಹಗುರ ಬೆಚ್ಚಗ ಬೆಚ್ಚಗ.

ಆಮ್ಯಾಲ ಬಾಳಿಕಿ ಲೆಕ್ಕ. ಅಲ್ಲಿ ಡಿಸೆಂಬರಿಂದ ಮಾರ್ಚ್ ತನಕ ದಿನಾ ಹಾಕ್ಕೊಂಡ್ರ ವರ್ಷಕ್ಕ 120 ದಿನ, ಎಂಟು ವರ್ಷ ಬಂದ್ರ 960, ದಿನಕ್ಕ 42 ರೂಪಾಯಿ ಬಿತ್ತು. 12,000ದ್ದು ತಗೊಂಡು ಎರಡು ಥಂಡಿಗೆ ಬಿಸಾಕಿದ್ರ ದಿನಕ್ಕ 50. ಅದ 40,000ದ ಕೋಟು ನಾ ಇಲ್ಲಿ ಕೊಂಡ್ರ ವರ್ಷಕ್ಕ ಹದಿನೈದು ದಿನ, ಹತ್ತು ವರ್ಷ ಹಿಡದ್ರೂ ದಿನಕ್ಕ 267, ಮ್ಯಾಲ ಬೆವರು ಬ್ಯಾರೆ. ಕೋಟು ಅದ, ತಾಳಿಕಿ ಅದ, ಬಾಳಿಕಿ ಮಾತ್ರ ಊರು ಬದಲಾದ್ಕೂಡ್ಲೆ ಬದಲಾತು. ನಮಗೇನಿದ್ರೂ ಥಂಡಿ ಸುರು ಆದಾಗ ಟಿಬೆಟಿಯನ್ ಮಂದಿ ಹುಬ್ಬಳ್ಳಿಗೆ ತಂದು ಮಾರೂ ಸ್ವೆಟರ್ ಸಾಕು. 1966ರಿಂದ ಮುಂಡಗೋಡದಾಗ ಅವರ ಕ್ಯಾಂಪ್ ಐತಲ್ಲ, ಮಾಲು ಹೆಚ್ಚಾಗಿ ಲುಧಿಯಾನಾದ್ದು, ಚೌಕಾಸಿ ಮಾತ್ರ ಅವರ ಹತ್ರ ನಡಿಯೂದಿಲ್ಲ.

ಒಂದು ಅನುಮಾನ ನನಗೂ ಇತ್ತು, ತುಟ್ಟಿ ಕೋಟು ಅಂತ ಹೆದರಿ ಆಯಿ ಸೀರಿ ಗತೆ ಒಳಗ ಇಟ್ಟು ಹಳೇ ಜಾಕೆಟ್ ಹಾಕ್ಕೊಂಡು ಅಡ್ಡಾಡಿದ್ರ? ಕೇಳಿದೆ. "ಮಾಮಾ, ಬಸ್ ಸ್ಟಾಪಿನ್ಯಾಗ ಮೈನಸ್ 15 ಇರತೈತಿ, ಒಳಗ ಹೆಂಗ ಇಡ್ಲಿ?" ಅಂದ್ಲು.

ತಗೊಂಡ್ಲು. ಮುಂದಿನ ತಿಂಗಳ ಇಲ್ಲಿಂದ ಹೋಗಾವ್ರ ಕೈಲೆ ಶೇಂಗಾ ಚಟ್ನಿ ಜೋಡಿ ಒಂದು ಪಾಕೀಟ ಡಾಂಬರ ಗುಳಿಗಿನೂ ಕಳಸು, ಬ್ಯಾಸಗ್ಯಾಗ ಕೋಟಿನ ಹತ್ರ ಇಡಾಕ ಬೇಕು ಅಂತ ಅವ್ವಗ ಹೇಳ್ಯಾಳ, ಎರಡೂ ಒಂದ ಚೀಲದಾಗ ಹಾಕಬ್ಯಾಡ ಅಂತ ಎರಡು ಸಲ ಹೇಳ್ಯಾಳ.